ಹೊಳೆ ಏರುವ ಮುನ್ನ ಒಂದೇ ಪಟ್ಟಿ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ನೆರೆ ಬಂದಾಗ ಈ ಊರುಗಳಿಗೆ ಧಾವಿಸುವ ಎಲ್ಲ ಸೇವಾ ಸಂಸ್ಥೆಗಳು, ಮಠಗಳು, ಸಂಘಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೊಳೆಸಾಲಿನ ಯಾವ ಊರಿಗೆ ಹೋದರೂ ಗೋಡೆಯ ಮೇಲಿನ ಗೆರೆ ತೋರಿಸಿ, "ಇದು 2009ರ ನೀರು, ಇದು 2019ರದ್ದು" ಎನ್ನುವವರು ಸಿಗುತ್ತಾರೆ. ಆ ಎರಡು ವರ್ಷವೂ ನಾಡಿನ ಜನ ಕೈಚಾಚಿ ಕೊಟ್ಟರು. 2019ರ ಆಗಸ್ಟಿನಲ್ಲಿ ಸರ್ಕಾರ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಘೋಷಿಸಿದಾಗ ರಾಜ್ಯದ ಮೂಲೆಮೂಲೆಗಳಿಂದ ಲಾರಿಗಳು ಉತ್ತರಕ್ಕೆ ಹೊರಟವು. ಅಕ್ಕಿ ಬಂತು, ಹೊದಿಕೆ ಬಂತು, ದುಡ್ಡೂ ಬಂತು. ಬಾರದೇ ಉಳಿದದ್ದು ಒಂದು ಹಾಳೆ: ಯಾವ ಊರಿಗೆ ಯಾರು, ಏನನ್ನು, ಯಾವ ದಾರಿಯಲ್ಲಿ ತಲುಪಿಸಬೇಕು ಎಂದು ಹೊಳೆ ಏರುವ ಮೊದಲೇ ಬರೆದಿಟ್ಟ ಹಾಳೆ. ಆ ಹಾಳೆಯನ್ನು ಈ ಸಲ ಮುಂಗಾರಿಗೆ ಮೊದಲು ಕೂಡಿ ಕೂತು ಬರೆಯೋಣ ಎಂದು ಕೇಳುವುದಕ್ಕಾಗಿ ಈ ಪತ್ರ.

ಹಾಳೆ ಇಲ್ಲದಿದ್ದರೆ ಆಗುವುದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಊರಿನ ಪರಿಚಯವಿಲ್ಲದ ಲಾರಿ ಹೆದ್ದಾರಿ ಬಿಟ್ಟು ಇಳಿಯುವುದಿಲ್ಲ. ಜನ ಕಂಡಲ್ಲಿ ನಿಲ್ಲುತ್ತದೆ, ಕೈ ಮುಂದೆ ಚಾಚಿದವರಿಗೆ ಕೊಡುತ್ತದೆ, ಹೋಗುತ್ತದೆ. ರಸ್ತೆ ಬದಿಯ ಊರಿಗೆ ಒಂದೇ ದಿನ ನಾಲ್ಕು ಬಾರಿ ಅನ್ನ ಬಂದರೆ, ಕಬ್ಬಿನ ಹೊಲಗಳ ಆಚೆ, ಸೇತುವೆ ಮುಳುಗಿದ ಊರಿಗೆ ಮೂರು ದಿನ ಏನೂ ಹೋಗುವುದಿಲ್ಲ. ಬೆಳಿಗ್ಗೆ ಮಾಡಿ ಬಿಸಿಬಿಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದ ಪಲಾವು ಸಂಜೆ ಮುಟ್ಟುವ ಹೊತ್ತಿಗೆ ಹಳಸಿರುತ್ತದೆ; ಅದನ್ನು ತಿಂದ ಮಕ್ಕಳಿಗೆ ವಾಂತಿಭೇದಿ ಶುರುವಾದರೆ ಅದು ನೆರೆಯ ರೋಗ ಎಂದು ದಾಖಲಾಗುತ್ತದೆ. ಇನ್ನು ಹಳೆಯ ಬಟ್ಟೆ. 2004ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣದ ರಸ್ತೆಗಳ ಬದಿಯಲ್ಲಿ ಯಾರಿಗೂ ಬೇಡವಾದ ಹಳೆ ಬಟ್ಟೆಯ ರಾಶಿಗಳು ಮಳೆಯಲ್ಲಿ ಕೊಳೆತದ್ದನ್ನು ದೇಶವೇ ನೋಡಿತು. ಆದರೂ ಪ್ರತಿ ನೆರೆಯಲ್ಲೂ ಆ ಮೂಟೆಗಳು ಬರುತ್ತಲೇ ಇವೆ. ಅವನ್ನು ಇಳಿಸಲು, ವಿಂಗಡಿಸಲು, ಕಡೆಗೆ ಎಸೆಯಲು ಬೇಕಾಗುವ ಹತ್ತಾರು ಕೈಗಳು ಆ ಹೊತ್ತಿನಲ್ಲಿ ನೀರು ಹೊತ್ತು ಕೊಡಬೇಕಾದ ಕೈಗಳು.

ಕೂಡಿ ಕೂರುವುದಕ್ಕೆ ಹೊಸ ಆದೇಶವೇನೂ ಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ತಳಮಟ್ಟದಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳನ್ನು ತೊಡಗಿಸಿಕೊಳ್ಳುವುದು ಆ ಪ್ರಾಧಿಕಾರದ ಕೆಲಸಗಳಲ್ಲಿ ಒಂದು ಎಂದು ಕಾಯ್ದೆಯ 30ನೇ ಕಲಂ ಹೇಳುತ್ತದೆ. ಜಿಲ್ಲಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು 31ನೇ ಕಲಂ ಹೇಳುತ್ತದೆ. ಆ ಪರಿಷ್ಕರಣೆಯ ದಿನ ಸಂಸ್ಥೆಗಳನ್ನೂ ಕರೆದು ಕೂರಿಸಿದರೆ ಅರ್ಧ ಕೆಲಸ ಮುಗಿದಂತೆ. ಈಗ ಸಂಸ್ಥೆಗಳನ್ನು ಕರೆಯುವುದು ನೀರು ಬಂದ ಮೇಲೆ, ಅದೂ ಸಾಮಗ್ರಿ ಎಷ್ಟಿದೆ ಎಂದು ಕೇಳುವುದಕ್ಕೆ.

ಮೊದಲೇ ಕೂತವರು ಏನು ಸಾಧಿಸಿದರು ಎಂಬುದಕ್ಕೆ ಗುಜರಾತಿನ ಕಚ್ಛ್ ಸಾಕ್ಷಿ. 1998ರ ಚಂಡಮಾರುತದ ನಂತರ ಅಲ್ಲಿನ ಸಣ್ಣಪುಟ್ಟ ಸಂಸ್ಥೆಗಳು ಸೇರಿ ಕಚ್ಛ್ ನವ ನಿರ್ಮಾಣ ಅಭಿಯಾನ ಎಂಬ ಒಕ್ಕೂಟ ಕಟ್ಟಿಕೊಂಡವು. 2001ರ ಜನವರಿ 26ರಂದು ಭೂಮಿ ನಡುಗಿದಾಗ ಆ ಒಕ್ಕೂಟ ಆಗಲೇ ಅಲ್ಲಿತ್ತು. ಹೊರಗಿನಿಂದ ಬಂದ ಸಂಸ್ಥೆಗಳಿಗೆ ಊರು ತೋರಿಸುವುದು, ಹಳ್ಳಿಗಳ ಗುಂಪಿಗೊಂದರಂತೆ ಸೇತು ಎಂಬ ಮಾಹಿತಿ ಕೇಂದ್ರ ತೆರೆದು ಜನರಿಗೂ ಆಡಳಿತಕ್ಕೂ ನಡುವೆ ನಿಲ್ಲುವುದು ಅವರಿಂದ ಸಾಧ್ಯವಾಯಿತು. ನಾಗಪಟ್ಟಣದಲ್ಲಿ ಜಿಲ್ಲಾಡಳಿತ ಮತ್ತು ಸಂಸ್ಥೆಗಳು ಸೇರಿ ಸಮನ್ವಯ ಕೇಂದ್ರ ತೆರೆದದ್ದು ಸುನಾಮಿಯ ನಂತರ. ಅದೂ ಒಳ್ಳೆಯ ಕೆಲಸ ಮಾಡಿತು. ಆದರೆ ಅಷ್ಟರಲ್ಲಿ ಬಟ್ಟೆಯ ರಾಶಿ ಬಿದ್ದಾಗಿತ್ತು.

ನಮ್ಮ ಸಲಹೆ ಇಷ್ಟು. ಮೇ ಮೊದಲ ವಾರದಲ್ಲಿ ತಾಲ್ಲೂಕು ಮಟ್ಟದಲ್ಲಿ ಸಭೆ ಸೇರಲಿ. ಜಿಲ್ಲಾ ಮಟ್ಟದ ಸಭೆಯಲ್ಲಿ ಭಾಷಣ ಹೆಚ್ಚಾಗುತ್ತದೆ, ಊರಿನ ಹೆಸರು ಬರುವುದೇ ಇಲ್ಲ. ತಹಶೀಲ್ದಾರರು, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ, ಆರೋಗ್ಯಾಧಿಕಾರಿ, ಪಶುವೈದ್ಯರು, ವಿದ್ಯುತ್ ಕಂಪನಿ ಹೆಸ್ಕಾಂನ ಎಂಜಿನಿಯರು, ಅಗ್ನಿಶಾಮಕ ದಳ, ಹೊಳೆಸಾಲಿನ ಪಂಚಾಯಿತಿಗಳ ಪಿಡಿಒಗಳು ಒಂದು ಕಡೆ. ರೆಡ್‌ಕ್ರಾಸ್, ಆಪದ ಮಿತ್ರ (ವಿಪತ್ತು ಸ್ವಯಂಸೇವಕ) ತರಬೇತಿ ಪಡೆದವರು, ಎನ್‌ಎಸ್‌ಎಸ್, ದಾಸೋಹ ನಡೆಸುವ ಮಠಗಳು, ಸ್ತ್ರೀಶಕ್ತಿ ಸಂಘಗಳು, ಅಂಬಿಗರು, ಸಕ್ಕರೆ ಕಾರ್ಖಾನೆಯವರು ಇನ್ನೊಂದು ಕಡೆ. ಸಕ್ಕರೆ ಕಾರ್ಖಾನೆಯವರು ಯಾಕೆಂದರೆ, ಕಬ್ಬು ನುರಿಸುವ ಹಂಗಾಮು ಮುಗಿದು ಜುಲೈ–ಆಗಸ್ಟಿನಲ್ಲಿ ಅವರ ಕಡೆಯ ಟ್ರ್ಯಾಕ್ಟರ್, ಟ್ರೇಲರುಗಳು ಖಾಲಿ ನಿಂತಿರುತ್ತವೆ. ಸೊಂಟದ ಮಟ್ಟಕ್ಕಿಂತ ಕಡಿಮೆ, ನಿಂತ ನೀರಿನಲ್ಲಿ ಮುದುಕರನ್ನೂ ಸಾಮಾನನ್ನೂ ಸಾಗಿಸಲು ದೊಡ್ಡ ಟ್ರ್ಯಾಕ್ಟರಿಗಿಂತ ಉಪಯುಕ್ತ ವಾಹನ ಹಳ್ಳಿಯಲ್ಲಿ ಇಲ್ಲ. ಹರಿಯುವ ನೀರಿಗೆ ಮಾತ್ರ ಅದನ್ನು ಇಳಿಸಲೇಬಾರದು. ಟ್ರೇಲರು ಮೊದಲು ತೇಲುತ್ತದೆ, ಆಮೇಲೆ ಎಂಜಿನ್ನನ್ನೂ ಎಳೆದುಕೊಂಡು ಹೋಗುತ್ತದೆ.

ಸಭೆಯಲ್ಲಿ ತುಂಬಬೇಕಾದ ಪಟ್ಟಿ ಊರುವಾರು ಇರಬೇಕು. ಊರಿನ ಹೆಸರು, ಮುಳುಗುವ ಓಣಿಗಳು, ಅಲ್ಲಿನ ಮನೆಗಳು, ಜನ, ದನಕರು. ಮನೆ ಬಿಟ್ಟವರು ಉಳಿಯಲು ಯಾವ ಕಾಳಜಿ ಕೇಂದ್ರಕ್ಕೆ ಹೋಗಬೇಕು, ಯಾವ ರಸ್ತೆ, ಅದು ಮುಳುಗಿದರೆ ಬದಲಿ ರಸ್ತೆ. ಊಟ ಯಾರದು, ನೀರು ಯಾರದು, ಶೌಚಾಲಯ ಯಾರದು, ಮೇವು ಯಾರದು. ಪ್ರತಿ ಚೌಕದಲ್ಲಿ ಒಂದೇ ಸಂಸ್ಥೆಯ ಹೆಸರು, ಒಬ್ಬ ವ್ಯಕ್ತಿ, ಅವರು ಸಿಗದಿದ್ದರೆ ಇನ್ನೊಬ್ಬರು. ಎರಡು ಸಂಸ್ಥೆಗಳ ಹೆಸರು ಒಂದೇ ಚೌಕದಲ್ಲಿ ಬಂದರೆ ನಾಳೆ ಇಬ್ಬರೂ ಬರುತ್ತಾರೆ, ಇಲ್ಲವೇ ಇಬ್ಬರೂ ಬರುವುದಿಲ್ಲ. ಖಾಲಿ ಉಳಿದ ಚೌಕ ಕಂಡರೆ ನಾಚಿಕೆಪಡಬೇಕಿಲ್ಲ. ಅದು ಮೇ ತಿಂಗಳಲ್ಲೇ ಕಂಡಿತಲ್ಲ ಎಂದು ಸಮಾಧಾನಪಡಬೇಕು.

ಜನರನ್ನು ಯಾವಾಗ ಎಬ್ಬಿಸಬೇಕು ಎಂಬುದೂ ಆ ಪಟ್ಟಿಯಲ್ಲೇ ಇರಲಿ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು), ನವಿಲುತೀರ್ಥದಿಂದ ಮಲಪ್ರಭೆಗೆ ಇಷ್ಟು, ಹಿಡಕಲ್‌ನಿಂದ ಘಟಪ್ರಭೆಗೆ ಇಷ್ಟು ಎಂದು ದಿನವೂ ಪ್ರಕಟಣೆ ಬರುತ್ತದೆ. ಹಳ್ಳಿಯ ಅಜ್ಜಿಗೆ ಕ್ಯೂಸೆಕ್ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಎಷ್ಟು ಬಿಟ್ಟರೆ ಎಷ್ಟು ಗಂಟೆಯಲ್ಲಿ ಯಾವ ಓಣಿಗೆ ನೀರು ನುಗ್ಗುತ್ತದೆ ಎಂಬುದನ್ನು ಹಿಂದಿನ ನೆರೆಗಳ ದಾಖಲೆಯಿಂದ ಲೆಕ್ಕ ಹಾಕಿ, ಪಂಚಾಯಿತಿ ಗೋಡೆಯ ಮೇಲೆ ಸಿದ್ಧರಾಗಲು ಹಳದಿ, ಮನೆ ಬಿಡಲು ಕೆಂಪು ಗೆರೆ ಎಳೆದು ಬರೆಸಬೇಕು. ಕೃಷ್ಣೆಯಲ್ಲಿ ಮಹಾರಾಷ್ಟ್ರದ ಅಣೆಕಟ್ಟುಗಳ ನೀರು ನಮ್ಮನ್ನು ಮುಟ್ಟುವವರೆಗೆ ಒಂದಿಷ್ಟು ಬಿಡುವು ಸಿಗುತ್ತದೆ. ಮಲಪ್ರಭೆಯಲ್ಲಿ ಆ ಬಿಡುವು ಕಡಿಮೆ. ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳಕ್ಕಂತೂ ಅಣೆಕಟ್ಟೇ ಇಲ್ಲ. ಮೇಲೆ ಧಾರವಾಡದ ಕಡೆ ಜೋರು ಮಳೆಯಾದರೆ ಕೆಳಗೆ ಆಕಾಶ ತಿಳಿಯಾಗಿದ್ದರೂ ನೀರು ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪ್ರತಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಆ ಅಂಕಿಗಳು ಹಳ್ಳದ ಕೆಳಭಾಗದ ಪಂಚಾಯಿತಿಗಳಿಗೆ ರಾತ್ರಿ ಹೊತ್ತೂ ತಲುಪುವಂತೆ ಮಾಡುವುದೊಂದೇ ಬಾಕಿ. ಡಂಗುರ, ದೇವಸ್ಥಾನ–ಮಸೀದಿಗಳ ಮೈಕು, ಯಾವುದಾದರೂ ಆಗಲಿ. ವಾಟ್ಸ್‌ಆ್ಯಪ್ ಗುಂಪನ್ನೇ ನೆಚ್ಚಬೇಡಿ: ನೆರೆಯಲ್ಲಿ ಮೊದಲು ಹೋಗುವುದು ಕರೆಂಟು, ಆಮೇಲೆ ಟವರು.

ಈಗ ಕಾಳಜಿ ಕೇಂದ್ರದ ವಿಷಯ. ಜನರ ಬಾಯಲ್ಲಿ ಅದಿನ್ನೂ ಗಂಜಿ ಕೇಂದ್ರವೇ. ಹೆಸರು ಬದಲಾದದ್ದು ಸಂತೋಷ, ಲೆಕ್ಕವೂ ಬದಲಾಗಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಪರಿಹಾರ ಮಾನದಂಡದಂತೆ ಒಬ್ಬರಿಗೆ 3.5 ಚದರ ಮೀಟರ್ ಜಾಗ ಬೇಕು. 20 ಅಡಿಗೆ 20 ಅಡಿಯ ಶಾಲಾ ಕೋಣೆ ಸುಮಾರು 37 ಚದರ ಮೀಟರ್. ಅಂದರೆ ಒಂದು ಕೋಣೆಗೆ ಹತ್ತು ಜನ. ಎಂಟು ಕೋಣೆಯ ಶಾಲೆಯಲ್ಲಿ ಇರಬಹುದಾದವರು 80ರಿಂದ 85 ಮಂದಿ. ಜಿಲ್ಲಾ ಯೋಜನೆಗಳಲ್ಲಿ ಅಂಥದೇ ಶಾಲೆಯ ಮುಂದೆ "ಸಾಮರ್ಥ್ಯ 400" ಎಂದು ಬರೆದಿದ್ದರೆ, ಬರೆದವರು ಕೂತವರನ್ನು ಎಣಿಸಿದ್ದಾರೆ, ಮಲಗುವವರನ್ನು ಎಣಿಸಿಲ್ಲ.

ಅದೇ 400 ಜನರನ್ನು ಹಿಡಿದು ಮುಂದೆ ಹೋಗೋಣ. 30 ಜನರಿಗೆ ಒಂದರಂತೆ 14 ಶೌಚಾಲಯ ಬೇಕು, ಹೆಂಗಸರಿಗೆ ಬೇರೆ. ಶಾಲೆಯಲ್ಲಿ ಇರುವುದು ಎರಡೋ ನಾಲ್ಕೋ, ಅದರಲ್ಲೂ ಒಂದಕ್ಕೆ ಬೀಗ. ಶೌಚಾಲಯ ದೂರವಿದ್ದು ದಾರಿಯಲ್ಲಿ ದೀಪ ಇಲ್ಲದಿದ್ದರೆ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಮೂರನೆಯ ದಿನಕ್ಕೆ ಉರಿಮೂತ್ರ. ಇದಕ್ಕೆ ಮದ್ದು ಮಾತ್ರೆಯಲ್ಲ. ಚಿಲಕವಿರುವ ಬಾಗಿಲು ಮತ್ತು ಒಂದು ಸೋಲಾರ್ ದೀಪ. ತಾತ್ಕಾಲಿಕ ಗುಂಡಿ ಶೌಚಾಲಯ ತೋಡುವುದಾದರೆ ಬಾವಿ, ಬೋರುಗಳಿಂದ 30 ಮೀಟರ್ ದೂರ ಇರಲಿ. ಹೊಳೆಸಾಲಿನ ಕಪ್ಪು ಮಣ್ಣಿನಲ್ಲಿ ಮಳೆಗಾಲದಲ್ಲಿ ತೋಡಿದ ಗುಂಡಿ ಇಂಗುವುದಿಲ್ಲ, ತುಂಬಿ ಹೊರಗೆ ಹರಿಯುತ್ತದೆ. ಅಂಥ ಕಡೆ ಸಂಚಾರಿ ಶೌಚಾಲಯ ಮತ್ತು ಅದನ್ನು ಖಾಲಿ ಮಾಡುವ ಸಕ್ಕಿಂಗ್ ಯಂತ್ರ ಎರಡನ್ನೂ ಮೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಬೇಕು. ಮುಟ್ಟಿನ ಪ್ಯಾಡ್ ತರುವ ಸಂಸ್ಥೆಗಳು ಅದರ ಜೊತೆ ಮುಚ್ಚಳವಿರುವ ಡಬ್ಬಿಯನ್ನೂ ತನ್ನಿ.

ನೀರು: ಕುಡಿಯಲು ಒಬ್ಬರಿಗೆ ದಿನಕ್ಕೆ 3 ಲೀಟರ್, ಸ್ನಾನ–ಶೌಚಕ್ಕೆ 15 ಲೀಟರ್. 400 ಜನರಿಗೆ 7,200 ಲೀಟರ್. 5,000 ಲೀಟರಿನ ಟ್ಯಾಂಕರಾದರೆ ದಿನಕ್ಕೆ ಎರಡು ಸಲ. ಟ್ಯಾಂಕರ್ ಬಂದರೆ ಸಾಲದು, ತುಂಬಿಸಿಡಲು ಸಿಂಟೆಕ್ಸ್ ಬೇಕು, ಅದಕ್ಕೆ ನಲ್ಲಿ ಬೇಕು. ನಲ್ಲಿ ಇಲ್ಲದ ಟ್ಯಾಂಕಿಗೆ ಜನ ಕೊಡ ಅದ್ದಿ ತುಂಬುತ್ತಾರೆ, ನೀರು ಅಲ್ಲೇ ಕೆಡುತ್ತದೆ. ಬ್ಲೀಚಿಂಗ್ ಪುಡಿಯ ಅಳತೆ ತಿಳಿನೀರಿಗೆ 1,000 ಲೀಟರಿಗೆ 2.5 ಗ್ರಾಂನಿಂದ ಶುರು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಬಿಡಬೇಕು. ಆಮೇಲೆ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಕಾಣಬೇಕು; ಕಾಣದಿದ್ದರೆ ಇನ್ನಷ್ಟು ಹಾಕಬೇಕು. ಎರಡು ಕಡೆ ಇದು ಕೆಡುತ್ತದೆ. ಒಂದು, ಕಳೆದ ವರ್ಷ ಬಾಯಿ ಬಿಚ್ಚಿಟ್ಟ ಚೀಲದ ಪುಡಿ. ವಾಸನೆ ಇದ್ದರೂ ಕ್ಲೋರಿನ್ ಬಹುಪಾಲು ಹಾರಿಹೋಗಿರುತ್ತದೆ. ಇನ್ನೊಂದು, ಕದಡಿದ ನೀರು. ಕೆಸರು ನೀರಿಗೆ ಎಷ್ಟು ಪುಡಿ ಸುರಿದರೂ ಕೆಸರೇ ಅದನ್ನು ತಿಂದುಬಿಡುತ್ತದೆ; ಮೊದಲು ಸ್ಫಟಿಕ (ಆಲಂ) ಹಾಕಿ ತಿಳಿಗೊಳಿಸಬೇಕು. ಒಂದು ಕೇಂದ್ರಕ್ಕೆ ಐದು ಸಂಸ್ಥೆಗಳು ಐದು ಬಗೆಯ ಕ್ಲೋರಿನ್ ಮಾತ್ರೆ ಕೊಟ್ಟು ಹೋದರೆ ಯಾವುದನ್ನು ಎಷ್ಟು ಲೀಟರಿಗೆ ಎಂಬುದೇ ಗೊಂದಲ. ತಾಲ್ಲೂಕಿಗೆ ಒಂದೇ ಬಗೆ ಗೊತ್ತುಮಾಡಿ, ಕನ್ನಡದಲ್ಲಿ ಅಳತೆ ಬರೆದು ಅಂಟಿಸಿ.

ಜನ ಮನೆ ಬಿಟ್ಟು ಬರುವುದಿಲ್ಲ ಎಂದು ಅಧಿಕಾರಿಗಳು ಬೇಸರಪಡುವುದುಂಟು. ಬಹಳ ಸಲ ಅವರು ಬಿಟ್ಟು ಬಾರದಿರುವುದು ಮನೆಯನ್ನಲ್ಲ, ಕೊಟ್ಟಿಗೆಯನ್ನು. ಎಮ್ಮೆಗೆ ಜಾಗ ತೋರಿಸಿದರೆ ಯಜಮಾನ ತಾನಾಗಿ ಹಿಂದೆ ಬರುತ್ತಾನೆ. ದೊಡ್ಡ ದನಕ್ಕೆ ದಿನಕ್ಕೆ 5–6 ಕಿಲೋ ಒಣಮೇವು, ಸುಮಾರು 40 ಲೀಟರ್ ನೀರು ಬೇಕು. 300 ದನಗಳಿಗೆ 12,000 ಲೀಟರ್! ಮೇಲಿನ 400 ಜನರಿಗೆ ಬೇಕಾದದ್ದಕ್ಕಿಂತ ಹೆಚ್ಚು. ಪರಿಹಾರದ ಲೆಕ್ಕದಲ್ಲಿ ಈ ನೀರು ಕಾಣುವುದೇ ಇಲ್ಲ, ಹಾಗಾಗಿ ಜನರ ಟ್ಯಾಂಕಿನ ನೀರೇ ದನಗಳಿಗೆ ಹೋಗಿ ಜಗಳವಾಗುತ್ತದೆ. ಮೇವು ದಿನಕ್ಕೆ ಒಂದೂಮುಕ್ಕಾಲು ಟನ್ನಿನಷ್ಟು. ಕಣಿಕೆ, ಹೊಟ್ಟು ಎಲ್ಲಿಂದ ಬರಬೇಕು, ಎತ್ತರದ ಯಾವ ಹಳ್ಳಿಯ ಬಣವೆಯಿಂದ, ಯಾವ ಬೆಲೆಗೆ ಎಂದು ಮೊದಲೇ ಮಾತಾಗಿರಲಿ. ನೆನೆದು ಬೂಷ್ಟು ಹಿಡಿದ ಮೇವು ದನವನ್ನು ಕೊಲ್ಲುತ್ತದೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಜೂನ್ ಒಳಗೆ ಮುಗಿದಿರಬೇಕು. ಒಂದೇ ಕಡೆ ನೂರಾರು ದನ ಕಟ್ಟಿದ ಮೇಲೆ ಹಾಕುವ ಲಸಿಕೆ ಹೊತ್ತು ಮೀರಿದ ಲಸಿಕೆ.

ದೋಣಿಗಳ ಬಗ್ಗೆ ಎರಡು ಮಾತು. ಯಂತ್ರದ ರಬ್ಬರ್ ದೋಣಿ ಉಗ್ರಾಣದಲ್ಲಿ ವರ್ಷವಿಡೀ ಮಡಚಿ ಬಿದ್ದಿದ್ದರೆ ಮಡಿಕೆಯಲ್ಲಿ ಬಿರಿಯುತ್ತದೆ, ಎಂಜಿನ್ನಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ನೀರಿಗಿಳಿಸಿ ಓಡಿಸಬೇಕು. ಮುಳುಗಿದ ಕಬ್ಬಿನ ಹೊಲದ ಮೇಲೆ ಹೋದರೆ ಗರಿಗಳು ಪ್ರೊಪೆಲ್ಲರಿಗೆ ಸುತ್ತಿಕೊಂಡು ದೋಣಿ ನಡುನೀರಿನಲ್ಲಿ ನಿಲ್ಲುತ್ತದೆ. ಅಲ್ಲಿ ಬೇಕಾದದ್ದು ಜಲ್ಲೆ ಹಿಡಿದ ಅಂಬಿಗ. ಅವನಿಗೆ ಲೈಫ್ ಜಾಕೆಟ್, ಕೂಲಿ, ವಿಮೆ ಮೊದಲೇ ಗೊತ್ತಾಗಿರಲಿ. ವಿದ್ಯುತ್ ತಂತಿ ತಲೆಗೆ ತಾಗುವಷ್ಟು ಎತ್ತರಕ್ಕೆ ನೀರು ಬಂದಿರುತ್ತದೆ. ಆ ಮಾರ್ಗದ ಕರೆಂಟು ತೆಗೆದದ್ದನ್ನು ಹೆಸ್ಕಾಂ ಖಚಿತಪಡಿಸುವವರೆಗೆ ದೋಣಿ ಇಳಿಯಬಾರದು.

ಊಟ ಮೊದಲ ನಾಲ್ಕೈದು ದಿನ ಬೇಯಿಸಿದ್ದೇ ಆಗಬೇಕು, ಕೇಂದ್ರದಲ್ಲೇ ಬೇಯಿಸಿದ್ದು. ಒಲೆ ಇಲ್ಲದವರಿಗೆ ಅಕ್ಕಿ ಮೂಟೆ ಕೊಟ್ಟರೆ ಅದು ತಲೆದಿಂಬಾಗುತ್ತದೆ. ಒಣ ದಿನಸಿ ಬೇಕಾಗುವುದು ನೀರು ಇಳಿದು ಮನೆಗೆ ಮರಳುವ ದಿನ, ಆಗ ಎಷ್ಟೋ ಸಂಸ್ಥೆಗಳು ಹೊರಟುಹೋಗಿರುತ್ತವೆ. ಐದು ಜನರ ಕುಟುಂಬಕ್ಕೆ ಹತ್ತು ದಿನಕ್ಕೆ ಅಂದಾಜು 10 ಕಿಲೋ ಅಕ್ಕಿ, 10 ಕಿಲೋ ಜೋಳದ ಹಿಟ್ಟು, 3 ಕಿಲೋ ತೊಗರಿಬೇಳೆ, 2 ಲೀಟರ್ ಎಣ್ಣೆ, 2 ಕಿಲೋ ಬೆಲ್ಲ, ಉಪ್ಪು, ಖಾರದ ಪುಡಿ, ಚಹಾಪುಡಿ. ಬರಿ ಅಕ್ಕಿ ತರಬೇಡಿ, ಇದು ರೊಟ್ಟಿಯ ನಾಡು. ಹಿಟ್ಟನ್ನು ಎರಡು ಪದರದ ಚೀಲದಲ್ಲಿ ತನ್ನಿ, ಇಲ್ಲದಿದ್ದರೆ ವಾರದಲ್ಲಿ ಗಂಟುಕಟ್ಟುತ್ತದೆ. ಜೊತೆಗೆ ಒಂದು ಒಲೆ, ಪಾತ್ರೆ, ಮುಚ್ಚಳವಿರುವ ಬಕೆಟ್ಟು, 4 ಮೀಟರಿಗೆ 6 ಮೀಟರಿನ ತಾಡಪತ್ರಿ, ಕಟ್ಟಲು ಹಗ್ಗ. ಅಗ್ಗದ ತೆಳು ತಾಡಪತ್ರಿ ನಮ್ಮ ಆಗಸ್ಟಿನ ಗಾಳಿಗೆ ಒಂದು ವಾರ ತಡೆಯುವುದಿಲ್ಲ. ಹಣ ಕಡಿಮೆಯಿದ್ದರೆ ಕಡಿಮೆ ಮನೆಗಳಿಗೆ ಗಟ್ಟಿಯದನ್ನೇ ಕೊಡಿ, ಉಳಿದ ಮನೆಗಳ ಹೆಸರನ್ನು ಪಟ್ಟಿಯಲ್ಲಿ ಬೇರೆ ಸಂಸ್ಥೆಗೆ ಒಪ್ಪಿಸಿ.

ಫಲಾನುಭವಿಗಳ ಪಟ್ಟಿಯೂ ಒಂದೇ ಇರಬೇಕು. ಪಡಿತರ ಚೀಟಿಯನ್ನೇ ಮನೆ ಎಂದು ಹಿಡಿದರೆ, ಒಂದೇ ಚೀಟಿಯಲ್ಲಿ ಮೂರು ಒಲೆ ಇರುವ ಮನೆಗೆ ಒಂದೇ ಕಿಟ್ ಸಿಗುತ್ತದೆ. ಬಾಡಿಗೆಗಿರುವವರು, ಇಟ್ಟಿಗೆ ಭಟ್ಟಿಯ ಕೂಲಿಗಳು, ಹೊಳೆದಂಡೆಯ ಗುಡಿಸಲಿನ ಅಲೆಮಾರಿಗಳು ಯಾವ ಚೀಟಿಯಲ್ಲೂ ಇರುವುದಿಲ್ಲ. ತಗ್ಗಿನಲ್ಲಿರುವ ದಲಿತರ ಓಣಿಗೆ ನೀರು ಮೊದಲು ಬರುತ್ತದೆ, ಪರಿಹಾರ ಕಡೆಗೆ ಹೋಗುತ್ತದೆ. ಪಟ್ಟಿ ಮಾಡುವ ತಂಡ ಆ ಓಣಿಯಿಂದಲೇ ಶುರು ಮಾಡಲಿ, ತಂಡದಲ್ಲಿ ಆ ಓಣಿಯ ಹೆಣ್ಣುಮಗಳೊಬ್ಬಳು ಇರಲಿ. ಆಶಾ ಕಾರ್ಯಕರ್ತೆಯರ ಬಳಿ ಗರ್ಭಿಣಿಯರ ದಿನ ತುಂಬುವ ತಾರೀಖು ಇರುತ್ತದೆ. ಒಂಬತ್ತನೆಯ ತಿಂಗಳಿನವರನ್ನು, ಡಯಾಲಿಸಿಸ್‌ನವರನ್ನು ಹಳದಿ ಗೆರೆಗೇ ತಾಲ್ಲೂಕು ಆಸ್ಪತ್ರೆಯ ಊರಿಗೆ ಸಾಗಿಸಬೇಕು, ಕೆಂಪು ಗೆರೆಗೆ ಕಾಯಬಾರದು. ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ, ಆಕ್ಷೇಪಣೆಗೆ ಒಂದು ದಿನ ಕೊಡಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಗಳು ಮಾತ್ರ ಆ ಗೋಡೆಯ ಮೇಲೂ ಬೇಡ, ವಾಟ್ಸ್‌ಆ್ಯಪ್ ಗುಂಪಿನಲ್ಲೂ ಬೇಡ.

ನೀರು ಬಂದ ಮೇಲೆ 72 ಗಂಟೆಯೊಳಗೆ ಒಂದೇ ಜಂಟಿ ಸಮೀಕ್ಷೆ ಆಗಲಿ. ಹತ್ತು ಸಂಸ್ಥೆಗಳು ಹತ್ತು ಫಾರಂ ಹಿಡಿದು ಒಂದೇ ಮನೆಯ ಬಾಗಿಲು ತಟ್ಟಿದರೆ, ನಾಲ್ಕನೆಯವರಿಗೆ ಆ ಮನೆಯವರು ಸಿಟ್ಟಿನಿಂದ ಉತ್ತರ ಕೊಡುತ್ತಾರೆ, ಏಳನೆಯವರಿಗೆ ಕೊಡುವುದೇ ಇಲ್ಲ. ಸ್ಫಿಯರ್ ಇಂಡಿಯಾದಂಥ ಸೇವಾ ಸಂಸ್ಥೆಗಳ ಒಕ್ಕೂಟಗಳು ಜಂಟಿ ಸಮೀಕ್ಷೆಯ ನಮೂನೆಗಳನ್ನು ಬಳಸುತ್ತಿವೆ. ಅವನ್ನು ಎರಡು ಪುಟದ ಕನ್ನಡಕ್ಕೆ ಇಳಿಸಿಕೊಂಡರೆ ಸಾಕು. ದಿನವೂ ಸಂಜೆ ತಹಶೀಲ್ದಾರ್ ಕಚೇರಿಯಲ್ಲಿ ಅರ್ಧ ಗಂಟೆ ಸೇರಿ, ಇವತ್ತು ಯಾವ ಚೌಕ ತುಂಬಿತು, ನಾಳೆ ಯಾವುದು ಖಾಲಿ ಎಂದಷ್ಟೇ ನೋಡಬೇಕು. ಫೋಟೊ, ಹಾರ, ಬ್ಯಾನರು ಅಲ್ಲಿ ಬೇಡ.

ಸಂಸ್ಥೆಗಳಲ್ಲಿ ನಮ್ಮ ಕೋರಿಕೆ ಇನ್ನೊಂದಿದೆ. ಎಲ್ಲರೂ ಮೊದಲ ವಾರಕ್ಕೇ ಬರಬೇಡಿ. ಹದಿನೈದನೆಯ ದಿನ ಊರಿನಲ್ಲಿ ಕೆಸರು, ಹಾವು, ಬಿದ್ದ ಗೋಡೆ, ಕಳೆದುಹೋದ ಕಾಗದಪತ್ರ ಉಳಿದಿರುತ್ತವೆ, ನೋಡುವವರು ಯಾರೂ ಇರುವುದಿಲ್ಲ. 2019ರ ನೆರೆಯ ನಂತರ ಮನೆ ಹಾನಿಯನ್ನು ಅದರ ಪ್ರಮಾಣದಂತೆ ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಟ್ಟಾಗ, ಒಂದು ಅಕ್ಷರ ತಪ್ಪಿದರೆ ಕುಟುಂಬಕ್ಕೆ ಆಗುತ್ತಿದ್ದ ನಷ್ಟ ಲಕ್ಷಗಳಲ್ಲಿ. ಕೆಸರು ಬಳಿಯುವ ಮೊದಲು ಮನೆಯ ಒಳಗೂ ಹೊರಗೂ ಫೋಟೊ ತೆಗೆದಿಡಲು, ಅರ್ಜಿ ಬರೆದುಕೊಡಲು, ಸ್ವೀಕೃತಿ ಪಡೆಯಲು ಓದುಬರಹ ಬಲ್ಲ ಇಬ್ಬರು ಹುಡುಗರು ಒಂದು ಊರಿನಲ್ಲಿ ಎರಡು ವಾರ ನಿಂತರೆ, ಅದರ ಬೆಲೆ ಎರಡು ಲಾರಿ ಸಾಮಗ್ರಿಗಿಂತ ಹೆಚ್ಚು. ಆ ಹುಡುಗರನ್ನು ಕಳಿಸುವ ಸಂಸ್ಥೆಯ ಹೆಸರಿಗೂ ಪಟ್ಟಿಯಲ್ಲಿ ಒಂದು ಚೌಕ ಇರಲಿ.

ಮಾನ್ಯ ಜಿಲ್ಲಾಧಿಕಾರಿಗಳೇ, ಸಭೆಯ ದಿನಾಂಕವನ್ನು ತಾವು ಏಪ್ರಿಲ್ ಮುಗಿಯುವುದರೊಳಗೆ ಪ್ರಕಟಿಸಬೇಕು ಎಂದು ಕೋರುತ್ತೇವೆ. ಸಭೆಗೆ ಬರುವಾಗ ಪ್ರತಿ ಸಂಸ್ಥೆಯೂ ತನ್ನ ದಾಸ್ತಾನು ಪುಸ್ತಕ ತರಲಿ, ಪ್ರತಿ ಪಿಡಿಒ ತಮ್ಮ ಊರಿನ ಮುಳುಗುವ ಓಣಿಗಳನ್ನು ಗುರುತಿಸಿದ ನಕ್ಷೆ ತರಲಿ, ಪಶುವೈದ್ಯರು ದನಗಳ ಲೆಕ್ಕ ತರಲಿ. ಜೂನ್ ಮೊದಲ ವಾರದಲ್ಲಿ ತಾಲ್ಲೂಕಿಗೆ ಒಂದು ಊರನ್ನು ಆರಿಸಿ, ರಾತ್ರಿ ಹೊತ್ತು, ಮುದುಕರು ಮತ್ತು ಎಮ್ಮೆಗಳ ಸಮೇತ, ಒಮ್ಮೆ ಕಾಳಜಿ ಕೇಂದ್ರದವರೆಗೆ ನಡೆಸಿ ನೋಡೋಣ. ಎಲ್ಲಿ ಬೀಗದ ಕೈ ಸಿಗಲಿಲ್ಲ, ಎಲ್ಲಿ ದೀಪ ಇರಲಿಲ್ಲ, ಯಾವ ಫೋನು ಎತ್ತಲಿಲ್ಲ ಎಂಬುದನ್ನು ಅದೇ ರಾತ್ರಿ ಬರೆದುಕೊಂಡು, ಮರುದಿನವೇ ಪಟ್ಟಿ ತಿದ್ದೋಣ.

ಇಂತಿ,
ಕೃಷ್ಣಾ ಕಣಿವೆಯ ನೆರೆ ಪರಿಹಾರ ಕಾರ್ಯಕರ್ತರು